ಗಾಜಿನ ಕೋಣೆಯ ಮಹಾರಾಣಿ

"ಏಯ್, ಮೂಗು ತೆಗಿ! ಗಾಜಿಗೆ ಸಿಂಬಳ ಹತ್ತುತ್ತೆ!"

ಚೋಟು ಮೂಗು ತೆಗೆಯಲಿಲ್ಲ. ಎರಡೂ ಕೈಗಳನ್ನು ಕಣ್ಣಿನ ಆಚೀಚೆ ಮರೆ ಹಿಡಿದು, ಮೂಗನ್ನು ಗಾಜಿಗೆ ಇನ್ನಷ್ಟು ಒತ್ತಿದಳು.

"ಮಲಗಿಬಿಟ್ಟಿದೆ ಕಣೇ," ಅಂದಳು.

"ಮಲಗಿಲ್ಲ. ರೆಸ್ಟ್ ತಗೋತಿದೆ," ಅಂದಳು ಜಂಬಿ. "ನಿಮ್ ಕರು ಮಲಗುತ್ತೆ. ನಮ್ ಮಹಾರಾಣಿ ರೆಸ್ಟ್ ತಗೊಳ್ಳುತ್ತೆ."

ಜಂಬಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೊಸ ರಬ್ಬರು ಕೊಂಡರೂ ಅದನ್ನು ಇಡೀ ಐದನೇ ಕ್ಲಾಸಿಗೆ ತೋರಿಸಿ, ಕೊನೆಗೆ "ಯಾರೂ ಮುಟ್ಟಬೇಡಿ" ಅನ್ನುವವಳು ಅವಳು. ಒಂದು ರಬ್ಬರಿಗೇ ಅಷ್ಟು ಜಂಬವಾದರೆ, ಗಾಜಿನ ಕೋಣೆಯಲ್ಲಿರುವ ಬಿಳಿ ಕರುವಿಗೆ ಎಷ್ಟಿರಬೇಡ!

ಅವಳ ಅಪ್ಪನದು ಗಾಜಿನ ಅಂಗಡಿ. ಕಿಟಕಿ, ಶೋಕೇಸು, ಬಚ್ಚಲಮನೆಯ ಕನ್ನಡಿ, ಏನು ಬೇಕಾದರೂ ಅಳತೆ ತೆಗೆದು ಕತ್ತರಿಸಿ ಕೂರಿಸಿಕೊಡುತ್ತಿದ್ದ. ಅಮ್ಮನದು ಹಸುಗಳು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಾಲು ಕರೆದು ಬೀದಿಗೆಲ್ಲ ಹಾಕುತ್ತಿದ್ದಳು. ಅಪ್ಪನ ಕೆಲಸ ಅಪ್ಪನಿಗೆ, ಅಮ್ಮನ ಕೆಲಸ ಅಮ್ಮನಿಗೆ ಎಂದು ಇದ್ದಾಗ ಮನೆ ಚೆನ್ನಾಗಿಯೇ ಇತ್ತು. ಎರಡನ್ನೂ ಸೇರಿಸಿದ ಮೇಲೆ ಹುಟ್ಟಿದ್ದು ಈ ಗಾಜಿನ ಕೋಣೆ.

ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ದೊಡ್ಡ ದೊಡ್ಡ ಗಾಜುಗಳನ್ನು ತಂದು, ಕೊಟ್ಟಿಗೆಯ ಪಕ್ಕ ಮೂರು ಕಡೆಗೂ ನಿಲ್ಲಿಸಿ, ಮೇಲೆ ಶೀಟು ಹೊದಿಸಿ, ಅಪ್ಪ ಅದನ್ನು ಕಟ್ಟಿದ್ದ. ಒಳಗೆ ರಬ್ಬರಿನ ಹಾಸು. ಮೂಲೆಯಲ್ಲಿ ಪುಟ್ಟ ಫ್ಯಾನು. ಒಂದು ಗಾಜಿನ ಮೇಲೆ "ಭಾರೀ ರಿಯಾಯಿತಿ" ಎಂಬ ಕೆಂಪು ಸ್ಟಿಕ್ಕರು ಉಳಿದುಬಿಟ್ಟಿತ್ತು. ಬ್ಲೇಡಿನಿಂದ ಎಷ್ಟು ಕೆರೆದರೂ ಅದು ಬಿಟ್ಟುಬರಲಿಲ್ಲ.

"ಕರು ಸಾಕ್ತಿದೀರೋ, ಸೇಲಿಗಿಟ್ಟಿದೀರೋ?" ಎಂದು ಅಮ್ಮ ಮೊದಲ ದಿನವೇ ಕೇಳಿದ್ದಳು. ಅಪ್ಪನಿಗೆ ಅದು ಕೇಳಿಸಲಿಲ್ಲ. ಬೇಡವಾದದ್ದು ಕೇಳಿಸದೇ ಇರುವ ವಿದ್ಯೆ ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

"ಅದಕ್ಕೆ ಹೊರಗೆ ಬರೋಕೆ ಆಸೆ ಆಗಲ್ವಾ?" ಚೋಟು ಕೇಳಿದಳು.

"ಯಾಕೆ ಬರ್ಬೇಕು? ಹೊರಗೆ ನೊಣ, ಧೂಳು, ಸಗಣಿ. ಬಿಸಿಲು ಬೇಕಂದ್ರೆ ಗಾಜಲ್ಲೇ ಬರುತ್ತೆ. ನೋಡು, ಹೇಗೆ ಬಿದ್ದಿದೆ!"

ಬಿಸಿಲೇನೋ ಬಿದ್ದಿತ್ತು. ಮಹಾರಾಣಿಯ ಬಿಳಿ ಮೈ ಅದರಲ್ಲಿ ಫಳಫಳ ಹೊಳೆಯುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ "ಖೊಕ್ ಖೊಕ್" ಎಂದು ಸದ್ದು ಬಂತು.

"ಕೆಮ್ತಿದೆ," ಅಂದಳು ಚೋಟು.

"ಗಂಟಲು ಸರಿ ಮಾಡ್ಕೋತಿದೆ," ಅಂದಳು ಜಂಬಿ. "ನೀನು ಮೊದ್ಲು ನಿನ್ ಕೊಚ್ಚೆ ನೋಡ್ಕೋ ಹೋಗು."

ಕೊಚ್ಚೆ ಎಂದರೆ ಚೋಟುವಿನ ಮನೆಯ ಕರು. ಎದುರಿನ ಬಯಲಿನಲ್ಲಿ ಒಂದು ಮೋಟುಮರಕ್ಕೆ ಅದನ್ನು ಕಟ್ಟಿರುತ್ತಿದ್ದರು. ಕಂದು ಬಣ್ಣ, ಹರಿದ ಒಂದು ಕಿವಿ, ಹೊಟ್ಟೆಯವರೆಗೂ ಕೆಸರು. ಆ ಹೆಸರಿಟ್ಟವಳು ಜಂಬಿಯೇ. ಚೋಟುವಿಗೆ ಸಿಟ್ಟು ಬರುತ್ತದೆ ಎಂದುಕೊಂಡೇ ಇಟ್ಟಿದ್ದಳು. ಆದರೆ "ಕೊಚ್ಚೇ" ಎಂದು ಕೂಗಿದರೆ ಕರು ಕಿವಿ ನಿಮಿರಿಸಿ ತಿರುಗುವುದನ್ನು ಕಂಡು, ಚೋಟುವೂ ಹಾಗೇ ಕರೆಯತೊಡಗಿದಳು. ಇಷ್ಟು ಮಾನ ಮರ್ಯಾದೆ ಇಲ್ಲದವರ ಜೊತೆ ಏನು ಮಾತು ಎಂದು ಜಂಬಿ ಮೂಗು ಮುರಿದಳು.

ಮಹಾರಾಣಿಯ ಕೆಮ್ಮು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಮುಗಿಯಲಿಲ್ಲ. ಮೂಗು ಸೋರಿತು. ಅದು ವಾಸಿಯಾಯಿತು ಅನ್ನುವಷ್ಟರಲ್ಲಿ ಹೊಟ್ಟೆ ಕೆಟ್ಟಿತು. ಹೊಟ್ಟೆ ಸರಿಯಾಯಿತು, ಮತ್ತೆ ಕೆಮ್ಮು. ಔಷಧಿ ಅಂಗಡಿಯವನು ಪ್ರತಿಸಲವೂ ಒಂದು ಬಾಟಲಿ ಕೊಟ್ಟ. ಕರುವನ್ನು ಅವನು ಒಂದು ಸಲವೂ ನೋಡಿರಲಿಲ್ಲ. "ಎಲ್ಲಾ ಸೀಸನ್ನು," ಅನ್ನುತ್ತಿದ್ದ. ಅವನ ಲೆಕ್ಕದಲ್ಲಿ ಲೋಕದ ಎಲ್ಲ ಕಾಯಿಲೆಗೂ ಸೀಸನ್ನೇ ಕಾರಣ.

"ಡಾಕ್ಟ್ರಮ್ಮನ ಕರೆಸೋಣ ಕಣ್ರೀ," ಎಂದು ಅಮ್ಮ ಹೇಳಿದಳು. "ಹೊರಗಾದ್ರೂ ಬಿಡಿ ಅದನ್ನ."

"ಈ ಮೈಯಲ್ಲಿ ಹೊರಗೆ ಬಿಟ್ಟರೆ ಇನ್ನೂ ಹೆಚ್ಚಾಗುತ್ತೆ ಅಷ್ಟೇ," ಅಂದ ಅಪ್ಪ. ಗಾಜಿನ ಸಂದುಗಳಿಗೆಲ್ಲ ಗಮ್ ಹಚ್ಚಿ, ಗಾಳಿಯೂ ನುಸುಳದಂತೆ ಮಾಡಿದ.

ಅದೇ ವಾರ ಕೊಚ್ಚೆಗೂ ಕೆಮ್ಮು ಬಂತು. ಅದು ಒಂದೆರಡು ದಿನ ಮೂಗು ಸೋರಿಸಿಕೊಂಡು ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಹಗ್ಗ ಬಿಚ್ಚಿದ್ದೇ ತಡ, ಬಾಲ ಎತ್ತಿಕೊಂಡು ಬಯಲೆಲ್ಲ ಓಡಿತು. ಬಾಟಲಿಯಿಲ್ಲ, ಏನಿಲ್ಲ.

"ಕೊಚ್ಚೆಗೆ ರೋಗ ಅಭ್ಯಾಸ ಆಗಿದೆ," ಎಂದು ಜಂಬಿ ವಿವರಿಸಿದಳು. "ದೊಡ್ಡ ಮನೆಯವರಿಗೆ ಹಾಗಲ್ಲ. ಅವರು ನಾಜೂಕು."

ನಾಜೂಕಿನ ಕರುವಿನ ಬಗ್ಗೆ ಕ್ಲಾಸಿನಲ್ಲಿ ಅವಳು ಕೊಚ್ಚಿಕೊಂಡದ್ದು ಅಷ್ಟಿಷ್ಟಲ್ಲ. ಎಲ್ಲಿಯವರೆಗೆಂದರೆ, ವಿಜ್ಞಾನದ ಮಿಸ್ "ಪ್ರಾಣಿಗಳ ಮನೆ" ಪಾಠ ತೆಗೆದ ದಿನ ಎದ್ದು ನಿಂತು, "ಮಿಸ್, ನಮ್ಮನೇಲಿ ಗಾಜಿನ ಮನೆಯಿದೆ. ಇಡೀ ಊರಲ್ಲಿ ಒಂದೇ," ಅಂದಳು.

ಮಿಸ್‌ಗೂ ಪಾಠ ಮಾಡುವುದಕ್ಕಿಂತ ಹೊರಗೆ ಹೋಗುವುದು ಇಷ್ಟ. "ಹಾಗಾದ್ರೆ ಶನಿವಾರ ಎಲ್ರೂ ಹೋಗಿ ನೋಡೋಣ," ಅಂದರು. ಕ್ಲಾಸು "ಹೋ" ಎಂದಿತು. ಜಂಬಿಯ ಕಾಲು ಆ ದಿನ ನೆಲದ ಮೇಲೆ ಇರಲಿಲ್ಲ.

ಶುಕ್ರವಾರ ಸಂಜೆ ಅಮ್ಮ ಬಕೆಟ್ಟಿಗೆ ಹಾಲು ಸುರಿದು, "ಕರುಗೆ ಕುಡಿಸು," ಎಂದು ಕೊಟ್ಟು ಗಿರಾಕಿಗಳ ಕಡೆ ಹೋದಳು. ಜಂಬಿ ಬಕೆಟ್ಟನ್ನು ಮಹಾರಾಣಿಯ ಮೂತಿಯ ಹತ್ತಿರ ಹಿಡಿದಳು. ಮಹಾರಾಣಿ ಮುಖ ತಿರುಗಿಸಿತು. ಬೆರಳನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು. ನಾಲಿಗೆ ಬಿಸಿಯಾಗಿತ್ತು. ಅದು ಚೀಪಲಿಲ್ಲ.

"ಕುಡಿಯೇ," ಎಂದು ಗದರಿದಳು. "ನಾಳೆ ಎಲ್ರೂ ಬರ್ತಾರೆ. ಕುಡಿಯೇ, ಪ್ಲೀಸ್."

ಬೆಳಿಗ್ಗೆಯೂ ಅದು ಹೀಗೇ ಮಾಡಿತ್ತು. ಬೆಳಿಗ್ಗೆಯ ಹಾಲು ಏನಾಯಿತು ಎಂದರೆ, ಜಂಬಿ ಅದನ್ನು ಮೆಲ್ಲಗೆ ಮೋರಿಗೆ ಚೆಲ್ಲಿದ್ದಳು. ಅಮ್ಮನಿಗೆ ಗೊತ್ತಾದರೆ ಡಾಕ್ಟರು ಬರುತ್ತಾರೆ, ಡಾಕ್ಟರು ಬಂದರೆ ಶನಿವಾರ ಕ್ಯಾನ್ಸಲ್. ಒಂದು ದಿನ ಕಳೆದರೆ ಸಾಕು, ಭಾನುವಾರ ಎಲ್ಲ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಸಂಜೆಯ ಹಾಲೂ ಮೋರಿಗೆ ಹೋಯಿತು. ಖಾಲಿ ಬಕೆಟ್ಟು ನೋಡಿ ಅಮ್ಮ, "ಅಬ್ಬ, ಕುಡೀತಲ್ಲ," ಎಂದು ನಿಟ್ಟುಸಿರುಬಿಟ್ಟಳು.

ಜಂಬಿಗೆ ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಕ್ಲಾಸು ಸಾಲಾಗಿ ಬಂತು. ಬಂದದ್ದಷ್ಟೇ ಸಾಲು. ಗೇಟು ದಾಟಿದ ಮೇಲೆ ಕುರಿಮಂದೆ. ಎಲ್ಲರೂ ಗಾಜಿಗೆ ಮುಗಿಬಿದ್ದರು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ.

ಒಳಗೆ ಮಹಾರಾಣಿ ಅಡ್ಡಬಿದ್ದಿತ್ತು. ಕುತ್ತಿಗೆ ನೆಲಕ್ಕೆ ಚಾಚಿತ್ತು. ಕಣ್ಣು ಗುಳಿಬಿದ್ದಿತ್ತು.

"ಬೊಂಬೆನಾ?" ಯಾರೋ ಕೇಳಿದರು.

"ಆಫರಲ್ಲಿದೆ ಕಣೋ, ಬೋರ್ಡು ನೋಡು," ಎಂದು ಇನ್ನೊಬ್ಬ ಸ್ಟಿಕ್ಕರು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಅದು ರೆಸ್ಟ್…" ಎಂದು ಜಂಬಿ ಶುರುಮಾಡಿದಳು. ಕರುವಿನ ಪಕ್ಕೆ ಒಮ್ಮೆ ಏರಿ, ಇಳಿಯುವುದಕ್ಕೆ ತುಂಬಾ ಹೊತ್ತು ತೆಗೆದುಕೊಂಡಿತು.

ಚೋಟು ಮಾತ್ರ ನಗಲಿಲ್ಲ. ಅವಳು ಆಗಲೇ ಕೊಟ್ಟಿಗೆಗೆ ಓಡಿ, "ಆಂಟೀ, ಕರು ಸಾಯ್ತಿದೆ!" ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದ್ದಳು. ಅಮ್ಮ ಓಡಿಬಂದು ನೋಡಿದವಳೇ ಫೋನು ತೆಗೆದಳು. ಈ ಸಲ ಯಾರನ್ನೂ ಕೇಳಲಿಲ್ಲ.

ದನದ ಡಾಕ್ಟರಮ್ಮ ಬೇಗನೇ ಸ್ಕೂಟರಿನಲ್ಲಿ ಬಂದರು. ದಪ್ಪ ಕನ್ನಡಕ, ಮೊಣಕಾಲುದ್ದದ ಬೂಟು, ಯಾರನ್ನು ಕಂಡರೂ ಬೇಸರ ಎನ್ನುವಂಥ ಮುಖ. ಬಾಗಿಲು ತೆಗೆದು ಒಳಗೆ ಕಾಲಿಟ್ಟವರು ಮೂಗು ಮುಚ್ಚಿಕೊಂಡರು.

"ಇದೇನು ಗಾಳಿನೇ ಇಲ್ಲ? ನೀವಿದರಲ್ಲಿ ಒಂದು ಗಂಟೆ ಕೂತು ತೋರ್ಸಿ ನೋಡೋಣ."

ಕರುವಿನ ಜ್ವರ ನೋಡಿದರು. ಎದೆಗೆ ಕೊಳವೆಯಿಟ್ಟು ಕೇಳಿದರು. ಕುತ್ತಿಗೆಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೇ ನಿಂತಿತು.

"ಹಾಲು ಯಾವಾಗಿಂದ ಬಿಟ್ಟಿದೆ?"

"ಬಿಟ್ಟಿಲ್ಲ ಡಾಕ್ಟ್ರೇ," ಅಂದಳು ಅಮ್ಮ. "ನಿನ್ನೆ ಎರಡೂ ಹೊತ್ತು ಪೂರ್ತಿ ಕುಡಿದಿದೆ. ಈ ಬೆಳಿಗ್ಗೆಯದು ಇನ್ನೂ ಕೊಟ್ಟಿಲ್ಲ."

"ಪೂರ್ತಿ ಕುಡಿದಿರೋ ಕರು ಹೀಗೆ ಒಣಗಲ್ಲ. ಸರಿಯಾಗಿ ಹೇಳಿ. ಅದನ್ನ ನೋಡ್ಕೊಂಡು ನಾನು ಮದ್ದು ಕೊಡಬೇಕು."

ಗಾಜಿನಾಚೆ ಇಡೀ ಐದನೇ ಕ್ಲಾಸು ನಿಂತಿತ್ತು. ಜಂಬಿ ಕರುವನ್ನೇ ನೋಡಿದಳು. ಹೇಳದಿದ್ದರೂ ಆಗುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಆದರೆ ಕರುವಿನ ಕುತ್ತಿಗೆಯಲ್ಲಿ ಚಿವುಟಿದ ಮಡಿಕೆ ಇನ್ನೂ ಹಾಗೇ ಇತ್ತು.

"ನಿನ್ನೆ ಬೆಳಿಗ್ಗೆಯಿಂದ ಕುಡಿದಿಲ್ಲ," ಅಂದಳು. "ನಾನೇ ಚೆಲ್ಲಿದೆ. ಮೋರಿಗೆ. ಎರಡು ಸಲ."

"ಏನಂದೆ?" ಅಮ್ಮನ ಕೈ ಮೇಲೆದ್ದಿತು.

"ಆಮೇಲೆ ಹೊಡೀರಿ," ಅಂದರು ಡಾಕ್ಟರು. "ಮೊದ್ಲು ಬಾಟಲಿ ಹಿಡ್ಕೊಳ್ಳೋಕೆ ಒಬ್ರು ಬೇಕು. ಏಯ್, ಹಾಲು ಚೆಲ್ಲಿದವಳೇ, ಬಾ ಇಲ್ಲಿ. ಕೈ ಎತ್ತಿ ಹಿಡಿ. ಇಳಿಸಿದ್ರೆ ನೋಡು."

ಕರುವಿನ ಕುತ್ತಿಗೆಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಕೆಮ್ಮಿಗೆ ಒಂದು ಇಂಜೆಕ್ಷನ್. ಆಮೇಲೆ ಪುಟ್ಟ ಕೊಳವೆಯೊಂದಕ್ಕೆ ಸ್ವಲ್ಪ ರಕ್ತ ತೆಗೆದುಕೊಂಡರು. ಜಂಬಿ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಳು. ತೋಳು ನೋಯತೊಡಗಿತು. ಇಳಿಸಲಿಲ್ಲ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಸುತ್ತ ಇದ್ದ ಗಾಜನ್ನು ಮೇಲಿಂದ ಕೆಳಗೆ ನೋಡಿದರು. ಗಾಜಿನ ಮೇಲೊಮ್ಮೆ ಬೆರಳಿನಿಂದ ತಟ್ಟಿದರು.

"ಯಾರ ತಲೆಗೆ ಹೊಳೆದದ್ದು ಈ ಐಡಿಯಾ?"

ಜಂಬಿ ಬಾಟಲಿಯನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು.

ಐಡಿಯಾ ಅವಳದು. ಕರು ಹುಟ್ಟಿದ ದಿನದಿಂದ ಅಪ್ಪನ ಬೆನ್ನು ಬಿದ್ದಿದ್ದಳು. "ಎಲ್ರಿಗೂ ಕಾಣ್ಬೇಕು ಅಪ್ಪ, ಆದ್ರೆ ಯಾರೂ ಮುಟ್ಟಬಾರದು. ನೀನು ಅಂಗಡಿಗಳಿಗೆಲ್ಲ ಮಾಡಿಕೊಡ್ತೀಯ, ನನಗೆ ಮಾತ್ರ ಮಾಡಲ್ಲ." ಕೊನೆಗೆ ಅಪ್ಪ ಸೋತ. ಕೆಲಸ ಮುಗಿಸಿ ಬಂದು, ದಿನಾ ಸಂಜೆ ಸುಸ್ತಾದ ಮೈಯಲ್ಲೇ ಒಂದೊಂದು ಗಾಜು ಕೂರಿಸಿದ.

"ನಂದೇ," ಅಂದ ಅಪ್ಪ. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ಭೇಷ್! ಕರುಗೆ ಬಿಸಿಲು ಸೋಕದ ಹಾಗೆ ಚೆನ್ನಾಗಿ ಪ್ಯಾಕ್ ಮಾಡಿದೀರಿ."

"ಬಿಸಿಲು ಬೀಳುತ್ತಲ್ಲ ಮೇಡಂ," ಅಪ್ಪ ಮೆಲ್ಲಗೆ ಅಂದ. "ಬೆಳಿಗ್ಗೆಯಿಂದ ಸಂಜೆವರೆಗೂ ಬೀಳುತ್ತೆ. ಗಾಜು ಅಷ್ಟು ಕ್ಲಿಯರ್ ಇದೆ."

"ಬೆಳಕು ಬೀಳುತ್ತೆ. ಬಿಸಿನೂ ಬರುತ್ತೆ. ಚರ್ಮಕ್ಕೆ ಬೇಕಾದ ಒಂದು ಕಿರಣ ಮಾತ್ರ ಬರಲ್ಲ. ಅದನ್ನ ಗಾಜು ಹಿಡಿದುಕೊಂಡುಬಿಡುತ್ತೆ."

"ಗಾಜು ನನ್ನ ಕೆಲಸ ಮೇಡಂ. ಗಾಜು ಏನನ್ನೂ…"

ಅಪ್ಪ ಅಲ್ಲಿಗೇ ನಿಂತ. ಅವನು ಯಾಕೆ ನಿಂತ ಎಂದು ಜಂಬಿಗೆ ತಕ್ಷಣ ಹೊಳೆಯಿತು. ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಅಪ್ಪ ಒಪ್ಪಿಸುವ ಪಾಠ ಅವಳಿಗೂ ಬಾಯಿಪಾಠವಾಗಿತ್ತು. "ಗಾಜು ಹಾಕಿಸಿ ಸಾರ್. ಬೆಳಕು ಮಾತ್ರ ಒಳಗೆ. ಚರ್ಮ ಸುಡೋ ಕಿರಣ ಹೊರಗೇ ನಿಂತ್ಕೊಳ್ಳುತ್ತೆ."

"ಚರ್ಮ ಸುಡುತ್ತಲ್ಲ, ಆ ಕಿರಣವೇ ಬೇಕಾಗಿರೋದು," ಎಂದರು ಡಾಕ್ಟರು. "ಅದು ಮೈಮೇಲೆ ಬಿದ್ರೆ ಕರುವಿನ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತೆ."

ಗಾಜಿನಾಚೆ ನಿಂತಿದ್ದ ಮಿಸ್‌ಗೆ ಉತ್ಸಾಹ ಬಂತು. "ಮಕ್ಕಳೇ, ವಿಟಮಿನ್ ಡಿ ಯಾವುದಕ್ಕೆ?"

"ಮೂಳೆಗೇ ಮಿಸ್!" ಎಂದು ಕ್ಲಾಸು ರಾಗವಾಗಿ ಒಪ್ಪಿಸಿತು.

"ಮೂಳೆಗೂ ಬೇಕು," ಅಂದರು ಡಾಕ್ಟರು. "ಅಷ್ಟು ಹೇಳಿ ನೀವು ಪುಸ್ತಕ ಮುಚ್ಚಿಬಿಡ್ತೀರಿ. ಮುಂದಿನದು ಯಾರು ಹೇಳೋದು? ರಕ್ತದಲ್ಲಿ ಕಾವಲು ಕಾಯೋ ಕಣಗಳಿರ್ತವೆ. ಕೆಮ್ಮಿನ ಕ್ರಿಮಿ ಒಳಗೆ ಬಂದ್ರೆ ಅವು ಗುರುತು ಹಿಡಿತವೆ. ಗುರುತು ಹಿಡಿದ್ರೆ ಸಾಕಾ? ಹೊಡೀಬೇಕಲ್ಲ. ಹೊಡೆಯೋಕೆ ಬೇಕಾದ್ದನ್ನ ಆ ಕಣಗಳು ತಾವೇ ಒಳಗೆ ತಯಾರು ಮಾಡ್ಕೊಳ್ತವೆ. ಆ ಕೆಲಸ ಸರಿಯಾಗಿ ಆಗೋಕೆ ವಿಟಮಿನ್ ಡಿ ಬೇಕು. ಅದು ಕಮ್ಮಿಯಿದ್ರೆ ಕಾವಲುಗಾರ ಇರ್ತಾನೆ, ಕಳ್ಳನನ್ನೂ ನೋಡ್ತಾನೆ, ಕೈಯಲ್ಲಿ ಕೋಲೇ ಇರಲ್ಲ."

"ಹಾಲಲ್ಲಿ ಇರಲ್ವಾ ಡಾಕ್ಟ್ರೇ?" ಅಮ್ಮ ಕೇಳಿದಳು.

"ಕರು ಕುಡಿಯೋ ಹಾಲಲ್ಲಿ ತೀರಾ ಕಮ್ಮಿ. ಬಿಸಿಲಲ್ಲಿ ಒಣಗಿಸಿದ ಹುಲ್ಲಲ್ಲಿ ಒಂದಿಷ್ಟು ಇರುತ್ತೆ, ಇದಿನ್ನೂ ಹೊಟ್ಟೆ ತುಂಬ ಹುಲ್ಲು ತಿನ್ನೋಷ್ಟು ದೊಡ್ಡದಾಗಿಲ್ಲ. ಉಳಿದದ್ದು ಬಿಸಿಲೊಂದೇ. ಅದಕ್ಕೂ ನೀವು ಬಾಗಿಲು ಹಾಕಿದ್ರಿ."

"ಹಾಗಾದ್ರೆ ಮೆಡಿಕಲ್‌ನಿಂದ ಒಂದು ದೊಡ್ಡ ಡಬ್ಬ ತಂದು ಕುಡಿಸ್ಲಾ?" ಅಪ್ಪ ಕೇಳಿದ.

"ನೀವು ಏನೂ ತರಬೇಡಿ ಮಹಾರಾಯ್ರೇ! ಹೆಚ್ಚಾದ್ರೆ ಅದೂ ವಿಷವೇ. ಎಷ್ಟು ಬೇಕೋ ಅಷ್ಟನ್ನ ನಾನು ಕೊಡ್ತೀನಿ. ಎಲ್ಲದಕ್ಕೂ ಇದೊಂದೇ ಕಾರಣ ಅಂತಾನೂ ನಾನು ಹೇಳಲ್ಲ. ಗಾಳಿ ಇಲ್ಲ, ಒಳಗೆಲ್ಲ ಉಚ್ಚೆಯ ಘಾಟು, ಅದೂ ಸೇರಿದೆ. ರಕ್ತದ ರಿಪೋರ್ಟ್ ಬರಲಿ. ಆದ್ರೆ ಈ ಗೂಡಿನಿಂದ ಇವತ್ತೇ ಹೊರಗೆ ತನ್ನಿ."

"ಕೊಚ್ಚೆಗೂ ಕೆಮ್ಮು ಬಂದಿತ್ತು," ಚೋಟು ಬಾಗಿಲ ಸಂದಿಯಿಂದ ತಲೆ ತೂರಿಸಿದಳು. "ಅದಕ್ಕೆ ತಾನಾಗೇ ಹೋಯ್ತು. ಅದು ಗಟ್ಟಿ ಕರುನಾ?"

ಡಾಕ್ಟರು ಬಯಲಿನ ಕಡೆ ನೋಡಿದರು. ಕೊಚ್ಚೆ ಬಿಸಿಲಿನಲ್ಲಿ ನಿಂತು ಯಾರದೋ ಒಣಹಾಕಿದ ಟವೆಲ್ಲು ಜಗಿಯುತ್ತಿತ್ತು.

"ಗಟ್ಟಿನೂ ಇಲ್ಲ, ಏನೂ ಇಲ್ಲ. ಅದನ್ನ ನೋಡೋಕೆ ಯಾರೂ ಬರಲಿಲ್ಲ, ಹಾಗಾಗಿ ಹೊರಗೇ ಉಳೀತು. ಅದರ ಅದೃಷ್ಟ."

ಹುಡುಗರು ಮತ್ತೆ ನಕ್ಕರು. ಅಪ್ಪನನ್ನು ನೋಡಿ ನಕ್ಕರು. ಅಪ್ಪ ಇಸ್ತ್ರಿ ಮಾಡಿದ ಶರ್ಟಿನಲ್ಲಿ, ತಾನೇ ಕೂರಿಸಿದ ಗಾಜುಗಳ ನಡುವೆ, ತಲೆ ತಗ್ಗಿಸಿಕೊಂಡು ನಿಂತಿದ್ದ. "ಇವಳೇ ಹಟ ಮಾಡಿದ್ದು" ಎಂಬ ಮೂರು ಮಾತು ಸಾಕಿತ್ತು. ಆ ಮೂರು ಮಾತು ಅವನ ಬಾಯಿಂದ ಬರಲೇ ಇಲ್ಲ. ಜಂಬಿಯ ಬಾಯಿಂದಲೂ ಬರಲಿಲ್ಲ. ಹಾಲಿನ ವಿಷಯ ಹೇಳಿ, ಇದ್ದ ಧೈರ್ಯವೆಲ್ಲ ಆಗಲೇ ಖರ್ಚಾಗಿತ್ತು.

ಭಾನುವಾರ ಅಪ್ಪ ಅಂಗಡಿಯ ಬೀಗ ತೆಗೆಯಲಿಲ್ಲ. ಬೆಳಿಗ್ಗೆಯೇ ಕೂತು ಗಾಜುಗಳನ್ನು ಬಿಚ್ಚತೊಡಗಿದ. ಅಮ್ಮ ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನೆಲ್ಲ ಡಾಕ್ಟರೇ ಅಂದುಬಿಟ್ಟಿದ್ದರಿಂದ ಅವಳಿಗೆ ಏನೂ ಉಳಿದಿರಲಿಲ್ಲ. ಜಂಬಿಗೆ ಮಾತ್ರ ಬೈಗುಳ ಧಾರಾಳವಾಗಿ ಸಿಕ್ಕಿತು. ಹಾಲು ಚೆಲ್ಲಿದ್ದಕ್ಕೆ ಒಂದು ಕಂತು, ಸುಳ್ಳಿಗೆ ಒಂದು ಕಂತು, ಎರಡೂ ನೆನಪಾದಾಗಲೆಲ್ಲ ಇನ್ನೊಂದು.

ಮಹಾರಾಣಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಮಧ್ಯಾಹ್ನದವರೆಗೂ ಕಣ್ಣು ಬಿಡಲಿಲ್ಲ. ಆಮೇಲೆ ಅಮ್ಮ ಬಾಟಲಿಯಲ್ಲಿ ಕುಡಿಸಿದ ಸಕ್ಕರೆ ಉಪ್ಪಿನ ನೀರನ್ನು ಎರಡು ಗುಟುಕು ನುಂಗಿತು. ಸಂಜೆ ಡಾಕ್ಟರು ಮತ್ತೆ ಬಂದು ನೋಡಿ, "ಬದುಕುತ್ತೇನೋ," ಅಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಸೋಮವಾರ ಕ್ಲಾಸಿಗೆ ಬೇರೆ ವಿಷಯವೇ ಇರಲಿಲ್ಲ.

"ಇವಳಪ್ಪ ಕರುನಾ ಶೋಕೇಸಲ್ಲಿಟ್ಟಿದ್ದ!"

"ನಾಳೆ ಹಸುನೂ ಫ್ರೇಮ್ ಹಾಕಿ ಗೋಡೆಗೆ ನೇತುಹಾಕ್ತಾನೆ!"

"ಅಷ್ಟು ವರ್ಷದಿಂದ ಗಾಜು ಮಾರ್ತಾನಂತೆ, ಅದೂ ಗೊತ್ತಿಲ್ವಂತೆ. ಪೆದ್ದ!"

ಜಂಬಿ ಚೀಲದೊಳಗೆ ಪೆನ್ಸಿಲ್ ಹುಡುಕುವಂತೆ ತಲೆ ತೂರಿಸಿಕೊಂಡಳು. ತನ್ನನ್ನು ಯಾರೂ ಏನೂ ಅನ್ನುತ್ತಿಲ್ಲ. ಹಾಲು ಚೆಲ್ಲಿದ್ದೂ ಯಾರಿಗೂ ನೆನಪಿಲ್ಲ. ನಗುವುದಕ್ಕೆ ಅಪ್ಪ ಸಿಕ್ಕಿದ್ದಾನಲ್ಲ! ಸುಮ್ಮನಿದ್ದರೆ ನಾಳೆಗೆ ಎಲ್ಲ ಮರೆತುಹೋಗುತ್ತದೆ.

"ಪೆದ್ದ," ಎಂದು ಮತ್ತೆ ಯಾರೋ ಅಂದರು.

"ನಮ್ಮಪ್ಪಂದಲ್ಲ," ಅಂದಳು ಜಂಬಿ.

"ಏನು?"

ಅವಳು ಎದ್ದು ನಿಂತಳು. "ಐಡಿಯಾ ನಮ್ಮಪ್ಪಂದಲ್ಲ. ನಂದೇ. ಎಲ್ರಿಗೂ ತೋರಿಸ್ಬೇಕು ಅಂತ ನಾನೇ ಹಟ ಮಾಡಿ ಕಟ್ಟಿಸ್ಕೊಂಡೆ."

ಕ್ಲಾಸು ಮೊದಲಿಗಿಂತ ಜೋರಾಗಿ ನಕ್ಕಿತು. ಇನ್ನೇನು ಮಾಡುತ್ತೆ? ಒಂದು ನಿಜ ಕೇಳಿದ ಕೂಡಲೇ ಒಳ್ಳೆಯವರಾಗಲು ಐದನೇ ಕ್ಲಾಸಿನವರೇನು ದೇವತೆಗಳೇ? ಶೋಕೇಸ್, ಭಾರೀ ರಿಯಾಯಿತಿ, ಗಾಜಿನ ಗೊಂಬೆ ಎಂದು ಸಂಜೆಯೊಳಗೆ ಅವಳಿಗೆ ಇನ್ನೂ ಮೂರು ಹೆಸರು ಬಿದ್ದವು. ಚೋಟು ಕೂಡ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಿಸಕ್ಕನೆ ನಕ್ಕದ್ದನ್ನು ಜಂಬಿ ಕಂಡಳು. ಬಾಯಿ ತೆರೆದರೆ ಒಂದಕ್ಕೆ ಹತ್ತು ತಿರುಗಿಸಿ ಕೊಡಬಲ್ಲ ಜಂಬಿ, ಕಿವಿ ಕೆಂಪಗೆ ಮಾಡಿಕೊಂಡು ಬೆಂಚಿನ ಮೇಲೆ ಕೂತಳು.

ಅವಮಾನ ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಗಿತ್ತು.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ. ಡಾಕ್ಟರು ಫೋನು ಮಾಡಿದ್ದರಂತೆ. ರಕ್ತದಲ್ಲಿ ವಿಟಮಿನ್ ಡಿ ತೀರಾ ತಳ ಹಿಡಿದಿತ್ತಂತೆ. ಮಹಾರಾಣಿ ಎದ್ದು ನಿಂತಿತ್ತು. ಕಾಲುಗಳು ನಡುಗುತ್ತಿದ್ದವು. ಮಲಗಿದ್ದ ಕಡೆಯೆಲ್ಲ ಮಣ್ಣು ಮೆತ್ತಿ ಅದರ ಬಿಳಿ ಮೈ ಅರ್ಧ ಕಂದಾಗಿತ್ತು.

ಅಪ್ಪ ಮಗಳ ಮುಖವನ್ನೇ ನೋಡಿದ. ಏನೋ ಕೇಳಬೇಕೆಂದು ಬೆಳಿಗ್ಗೆಯಿಂದ ಕಾದು ಕೂತವನ ಹಾಗಿತ್ತು ಅವನ ಮುಖ.

"ಸ್ಕೂಲಲ್ಲಿ ಏನಾದ್ರೂ ಅಂದ್ರಾ ಪುಟ್ಟೀ?" ಎಂದು ಕೇಳಿದ. "ನನ್ನಿಂದ ನಿನ್ನನ್ನ ಯಾರಾದ್ರೂ ಆಡ್ಕೊಂಡ್ರಾ?"

ಜಂಬಿ, ಇವತ್ತು ಪಟ್ಟ ಅವಮಾನವನ್ನೆಲ್ಲ ಅಪ್ಪನ ಮುಂದೆ ಸುರಿದು ಅಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಈಗ ಅವನ ಮುಖ ನೋಡಿದರೆ ಒಂದು ಮಾತನ್ನೂ ಹೇಳಬೇಕೆನಿಸಲಿಲ್ಲ.

"ಇಲ್ವಲ್ಲ," ಅಂದಳು. "ಯಾರೂ ಏನೂ ಅನ್ನಲಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಅಪ್ಪ."

ಅಪ್ಪನ ಮುಖ ಸಡಿಲವಾಯಿತು. "ಹಾಗಾದ್ರೆ ಸರಿ," ಎಂದು ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ಜಂಬಿ ಬೇಗ ತಲೆ ತಿರುಗಿಸಿಕೊಂಡಳು. ಶನಿವಾರ ಡಾಕ್ಟರು ಕೇಳಿದಾಗ "ನಂದೇ" ಅನ್ನಲು ಅಪ್ಪ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅದು ಅಷ್ಟು ಸುಲಭವಾಗಿ ಹೇಗೆ ಬಂತು ಎಂದು ಅವಳಿಗೆ ಎರಡು ದಿನದಿಂದ ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು.

ಅವಳು ಚೀಲವನ್ನು ಅಲ್ಲೇ ಬಿಟ್ಟು, ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಯೂನಿಫಾರ್ಮಿಗೆ ಮಣ್ಣಾಯಿತು. ಮಹಾರಾಣಿ ನಡುಗುವ ಕಾಲಿನಲ್ಲಿ ಎರಡು ಹೆಜ್ಜೆ ಬಂದು, ಅವಳ ಬೆರಳುಗಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು.